ಐದು ಮನೆ, ಐವತ್ತು ಹಕ್ಕಿ: ಹೊಸ ಕೋಳಿ ತಳಿಗೆ ಪ್ರದರ್ಶನದ ಮನ್ನಣೆ ಸಿಗುವುದು ಹೇಗೆ?

ಪ್ರಶ್ನೆ: ನಾನು ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದೇನೆ. ಆರು ವರ್ಷದ ಹಿಂದೆ ಅಮೆರಾಕಾನಾ ತಳಿಯ ಒಂದು ನೀಲಿ ಹುಂಜವನ್ನು ಸಿಲ್ವರ್ ಲೇಸ್ಡ್ ವಯಾಂಡಾಟ್ ತಳಿಯ ಹೇಂಟೆಗಳ ಜೊತೆ ಬಿಟ್ಟೆ. ಈಗ ನಲವತ್ತರಷ್ಟು ಕೋಳಿಗಳಿವೆ. ಬೆಳ್ಳಿ ಗರಿಗೆ ಕಪ್ಪು ಅಂಚು, ಕೆನ್ನೆ ತುಂಬ ಗಡ್ಡ, ತಲೆಗೆ ಒತ್ತಿಕೊಂಡ ರೋಸ್ ಜುಟ್ಟು, ನೀಲಿ ಮೊಟ್ಟೆ. ಇದು ನನ್ನ ಕನಸಿನ ಕೋಳಿ. ಆದರೆ ರೋಸ್ ಜುಟ್ಟು ಚೆನ್ನಾಗಿ ಬಂದ ಹೇಂಟೆಗಳು ಹೆಚ್ಚಾಗಿ ಕಂದು ಮೊಟ್ಟೆ ಇಡುತ್ತವೆ. ನೀಲಿ ಅಥವಾ ಹಸಿರು ಮೊಟ್ಟೆ ಇಡುವವಕ್ಕೆ ಜುಟ್ಟು ಗಂಟುಗಂಟಾಗಿರುತ್ತದೆ. ಕಾಲು ಕೆಲವಕ್ಕೆ ಬೂದು, ಕೆಲವಕ್ಕೆ ಹಳದಿ, ಕೆಲವಕ್ಕೆ ಹಸಿರು. ಹುಂಜಗಳ ಭುಜದಲ್ಲಿ ಕೆಂಪು ಛಾಯೆ ಬರುತ್ತದೆ. ಕಳೆದ ಷೋಗೆ ಒಂದು ಹುಂಜ ಒಯ್ದಿದ್ದೆ. ತೀರ್ಪುಗಾರರು ಚೆನ್ನಾಗಿದೆ ಅಂದರು, ಆದರೆ ಚಾಂಪಿಯನ್ ಸಾಲಿಗೆ ಒಯ್ಯಲಿಲ್ಲ. ಅಲ್ಲಿದ್ದ ಒಬ್ಬರು ‘ಇದು ಬೆರಕೆ, ಇದಕ್ಕೆ ಯಾವತ್ತೂ ಮನ್ನಣೆ ಸಿಗಲ್ಲ’ ಅಂದರು. ಇನ್ನೊಬ್ಬರು ‘ಡಿಎನ್‌ಎ ಪರೀಕ್ಷೆ ಮಾಡಿಸಿ ಶುಲ್ಕ ಕಟ್ಟಿದರೆ ಆಯ್ತು’ ಅಂದರು. ಇದುವರೆಗೆ ಯಾರಿಗೂ ಮೊಟ್ಟೆಯನ್ನಾಗಲಿ ಮರಿಯನ್ನಾಗಲಿ ಕೊಟ್ಟಿಲ್ಲ. ಕೊಟ್ಟರೆ ತಮ್ಮದೇ ತಳಿ ಅಂತ ಮಾರಿಕೊಂಡಾರು ಅನ್ನುವ ಭಯ. ಮುಂದೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಈ ಕೋಳಿಯನ್ನು ತಳಿ ಅಂತ ಯಾರಾದರೂ ಒಪ್ಪುತ್ತಾರಾ ಅನ್ನುವುದು ಒಂದು. ಒಪ್ಪಿಸಲು ಹೋಗಿ ಅದು ಕೈತಪ್ಪಿ ಹೋದೀತಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಮೊದಲನೆಯದು ನಿಂತಿರುವುದು ಅದರ ಮೇಲೆಯೇ. ಒಬ್ಬರ ಹಿತ್ತಲಲ್ಲಿ ಮಾತ್ರ ಇರುವ ಕೋಳಿಗೆ, ಅದು ಎಷ್ಟೇ ಚೆಂದ ಇರಲಿ, ಮನ್ನಣೆ ಸಿಗುವುದಿಲ್ಲ. ಹಂಚಲೇಬೇಕು. ಬೆರಕೆ ರಕ್ತಕ್ಕಿಂತ, ಕಾಲಿನ ಬಣ್ಣಕ್ಕಿಂತ ಜಾಸ್ತಿ ನಿಮ್ಮನ್ನು ತಡೆದಿರುವುದು ಇದೇ.

ಮೊದಲು, ಮನ್ನಣೆ ಕೊಡುವವರು ಯಾರು ಅಂತ ನೋಡೋಣ. ನೀವಿರುವ ಕಡೆ ಅದು ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಎಪಿಎ. 1873ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಶುರುವಾದ ಸಂಸ್ಥೆ. ಮರುವರ್ಷವೇ ತನ್ನ ಮೊದಲ ಸ್ಟ್ಯಾಂಡರ್ಡ್ ಪುಸ್ತಕ ತಂದಿತು. ಒಪ್ಪಿಗೆ ಪಡೆದ ಪ್ರತಿ ತಳಿಯ ಆಕಾರ, ತೂಕ, ಜುಟ್ಟು, ಗರಿಯ ಬಣ್ಣ, ಕಾಲಿನ ಬಣ್ಣ ಎಲ್ಲದರ ವಿವರಣೆ ಆ ಪುಸ್ತಕದಲ್ಲಿರುತ್ತದೆ. ಕುಳ್ಳ ಕೋಳಿಗಳಿಗೆ, ಅಂದರೆ ಬ್ಯಾಂಟಮ್‌ಗಳಿಗೆ, 1914ರಲ್ಲಿ ಹುಟ್ಟಿದ ಅಮೆರಿಕನ್ ಬ್ಯಾಂಟಮ್ ಅಸೋಸಿಯೇಷನ್ ಬೇರೆ ಇದೆ. ಬ್ರಿಟನ್ನಿನಲ್ಲಿ 1877ರ ಪೌಲ್ಟ್ರಿ ಕ್ಲಬ್ ತನ್ನದೇ ಪಟ್ಟಿ ಇಟ್ಟುಕೊಂಡಿದೆ. ಒಂದು ಕಡೆ ಒಪ್ಪಿದ್ದು ಇನ್ನೊಂದು ಕಡೆ ತಾನಾಗಿ ನಡೆಯುವುದಿಲ್ಲ. ಇವು ಯಾವುವೂ ಸರ್ಕಾರಿ ಕಚೇರಿಗಳಲ್ಲ. ಇವು ಕೊಡುವ ಮನ್ನಣೆ ಪ್ರದರ್ಶನದ ಕಟ್ಟೆಗೆ ಸಂಬಂಧಿಸಿದ್ದು.

ನಿಮ್ಮ ಹುಂಜ ಚಾಂಪಿಯನ್ ಸಾಲಿಗೆ ಯಾಕೆ ಹೋಗಲಿಲ್ಲ ಅನ್ನುವುದಕ್ಕೂ ಇದೇ ಉತ್ತರ. ತೀರ್ಪುಗಾರರು ಒಂದು ಹಕ್ಕಿಯನ್ನು ಪಕ್ಕದ ಹಕ್ಕಿಗೆ ಹೋಲಿಸುವ ಮೊದಲು ಪುಸ್ತಕದ ವಿವರಣೆಗೆ ಹೋಲಿಸುತ್ತಾರೆ. ಪೂರ್ತಿ ಅಂಕ 100. ನಿಮ್ಮ ಕೋಳಿಗೆ ಪುಸ್ತಕದಲ್ಲಿ ಪುಟವೇ ಇಲ್ಲ. ಅವರು ಯಾವುದರಿಂದ ಅಂಕ ಕಳೆಯಬೇಕು? ಚೆನ್ನಾಗಿದೆ ಅಂದದ್ದು ಸುಮ್ನೆ ಸಮಾಧಾನಕ್ಕೆ ಆಡಿದ ಮಾತು ಅಂದುಕೊಳ್ಳಬೇಡಿ. ಆ ಸ್ಥಿತಿಯಲ್ಲಿ ಅವರು ಅಷ್ಟೇ ಹೇಳಬಹುದಿತ್ತು.

ಇನ್ನು ‘ಬೆರಕೆ’ ಅನ್ನುವ ಮಾತು. ಷೋಗಳಲ್ಲಿ ಇದನ್ನು ಪದೇಪದೇ ಕೇಳುತ್ತೇನೆ, ಪ್ರತಿ ಸಲವೂ ಬೇಸರವಾಗುತ್ತದೆ. ನಿಮ್ಮದೇ ರಾಜ್ಯದ ಬಕ್‌ಐ ಕೋಳಿಯನ್ನು ನೋಡಿ. ಒಹಾಯೊದ ವಾರನ್ ಊರಿನ ನೆಟ್ಟಿ ಮೆಟ್‌ಕಾಫ್ ಅನ್ನುವ ಮಹಿಳೆ 1896ರಲ್ಲಿ ಬಾರ್ಡ್ ಪ್ಲಿಮತ್ ರಾಕ್ ಹೇಂಟೆಗಳಿಗೆ ಬಫ್ ಕೊಚಿನ್ ಹುಂಜ ಬಿಟ್ಟರು. ಆಮೇಲೆ ಕಾಳಗದ ಕೋಳಿಯ ರಕ್ತವನ್ನೂ ಸೇರಿಸಿದರು. ಗಾಢ ಕೆಂಪು ಬಣ್ಣದ, ಗಟ್ಟಿ ಮೈಯ, ಚಳಿ ತಡೆಯುವ ಕೋಳಿ ಬಂತು. ಅದೇ ಹೊತ್ತಿಗೆ ಪೂರ್ವದ ಕಡೆ ರೋಡ್ ಐಲೆಂಡ್ ರೆಡ್ ಬೆಳೆಯುತ್ತಿತ್ತು. ಎರಡೂ ಕೆಂಪು, ಎರಡೂ ಹೊಸತು. ಮೆಟ್‌ಕಾಫ್ ಅವರ ಕೋಳಿ ಆ ಹೆಸರಿನಲ್ಲೇ ಕರಗಿಹೋಗುವ ಸಂದರ್ಭವೂ ಬಂತು. ಅವರು ತಮ್ಮ ಕೋಳಿಯ ಪೀ ಜುಟ್ಟನ್ನೂ (ಮೂರು ಸಾಲು ಸಣ್ಣ ಗುಬ್ಬಿಗಳಿರುವ ಗಿಡ್ಡ ಜುಟ್ಟು) ಬಕ್‌ಐ ಅನ್ನುವ ಹೆಸರನ್ನೂ ಉಳಿಸಿಕೊಂಡರು. 1904ರಲ್ಲಿ ಸ್ಟ್ಯಾಂಡರ್ಡ್‌ಗೆ ಸೇರಿಸಿದರು. ಕೆನಡಾದ ಕ್ವಿಬೆಕ್‌ನ ಓಕಾ ಮಠದಲ್ಲಿ ಬ್ರದರ್ ವಿಲ್ಫ್ರಿಡ್ ಐದು ತಳಿಗಳನ್ನು ಬೆರೆಸಿ ಶಾಂಟೆಕ್ಲೇರ್ ಮಾಡಿದರು. ಹಿಮಗಾಳಿಗೆ ಜುಟ್ಟು ಕೊಳೆಯಬಾರದು ಅಂತ ಜುಟ್ಟನ್ನೂ ಗಲ್ಲದ ಜೋಲನ್ನೂ ತೀರ ಚಿಕ್ಕದು ಮಾಡಿದರು. ಅದು 1921ರಲ್ಲಿ ಒಪ್ಪಿಗೆ ಪಡೆಯಿತು. ನಿಮ್ಮ ವಯಾಂಡಾಟ್ ಕೂಡ ಬೆರಕೆಯಿಂದಲೇ ಹುಟ್ಟಿದ್ದು, 1883ರಲ್ಲಿ ಪುಸ್ತಕ ಸೇರಿತು. ಬೆರೆಸಿದ್ದು ತಪ್ಪಲ್ಲ. ಬೆರೆಸಿದ ಮೇಲೆ ತಂದೆ ತಾಯಿಯಂತೆ ಮರಿ ಬರುತ್ತಿದೆಯಾ, ಅದನ್ನು ನೋಡಬೇಕು.

ಡಿಎನ್‌ಎ ಮತ್ತು ಶುಲ್ಕದ ಮಾತು ಇದಕ್ಕೆ ಎದುರು ದಿಕ್ಕಿನ ತಪ್ಪು. ನಾಯಿಗೋ ಹಸುವಿಗೋ ಇರುವಂತೆ ಪ್ರದರ್ಶನದ ಕೋಳಿಗೆ ವಂಶಾವಳಿ ನೋಂದಣಿ ಇಲ್ಲ. ಒಂದೊಂದು ಹಕ್ಕಿಗೂ ಕಾಗದಪತ್ರ ಕೊಡುವುದಿಲ್ಲ. ಮನ್ನಣೆ ಕೊಡುವಾಗ ರಕ್ತ ಪರೀಕ್ಷಿಸುವುದೂ ಇಲ್ಲ. ಶುಲ್ಕ ಇದೆ, ಆದರೆ ಅದು ಅರ್ಜಿಯ ಶುಲ್ಕ. ತೀರ್ಮಾನವಾಗುವುದು ಪಂಜರದಲ್ಲಿ ನಿಂತ ಹಕ್ಕಿ ನೋಡಿ. ನಿಮ್ಮ ವಿಷಯದಲ್ಲಿ ಡಿಎನ್‌ಎ ಪರೀಕ್ಷೆಯಿಂದ ಒಂದು ನಿಜವಾದ ಉಪಯೋಗ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಎಪಿಎ ಕೇಳುವುದು ಸ್ಥೂಲವಾಗಿ ಹೀಗಿದೆ. ಕನಿಷ್ಠ ಐದು ಮಂದಿ ಸಾಕಣೆದಾರರು ಈ ಕೋಳಿಯನ್ನು ಐದು ವರ್ಷಕ್ಕೆ ಕಡಿಮೆಯಿಲ್ಲದೆ ಬೆಳೆಸಿದ್ದೇವೆ ಅಂತ ಸಹಿ ಹಾಕಬೇಕು. ಹುಟ್ಟುವ ಮರಿಗಳಲ್ಲಿ ಶೇ 50ಕ್ಕೆ ಕಡಿಮೆಯಿಲ್ಲದಷ್ಟು ಆಕಾರ, ಬಣ್ಣ, ಗಾತ್ರ, ಜುಟ್ಟಿನಲ್ಲಿ ತಳಿಗೆ ಸರಿಯಾಗಿ ಬರುತ್ತವೆ ಅಂತಲೂ ಹೇಳಬೇಕು. ತಳಿಯ ಇತಿಹಾಸ ಮತ್ತು ನೀವು ಸೂಚಿಸುವ ಸ್ಟ್ಯಾಂಡರ್ಡ್ ಬರೆದು ಕೊಡಬೇಕು. ಎರಡು ವರ್ಷ, ಪ್ರತಿ ವರ್ಷವೂ ಪರವಾನಗಿ ಇರುವ ತೀರ್ಪುಗಾರರ ಮುಂದೆ ಕನಿಷ್ಠ ಎರಡು ಹುಂಜ, ಎರಡು ಹೇಂಟೆ, ವರ್ಷ ತುಂಬದ ಎರಡು ಎಳೆಹುಂಜ, ಎರಡು ಎಳೆಹೇಂಟೆ ನಿಲ್ಲಿಸಬೇಕು. ಕೊನೆಗೆ ಅರ್ಹತಾ ಪ್ರದರ್ಶನ. ಅಲ್ಲಿ ಒಂದೇ ಷೋನಲ್ಲಿ ಈ ನಾಲ್ಕೂ ವರ್ಗ ಸೇರಿ ಕನಿಷ್ಠ 50 ಹಕ್ಕಿಗಳು ಬೇಕು. ಆ ಐವತ್ತನ್ನು ಸಾಲಾಗಿ ನೋಡಿದಾಗ ಒಂದೇ ತಳಿ ಅಂತ ಅನ್ನಿಸಬೇಕು. ಆಮೇಲೆ ಸ್ಟ್ಯಾಂಡರ್ಡ್ ಸಮಿತಿ, ಅದರ ಮೇಲೆ ಆಡಳಿತ ಮಂಡಳಿ. ನಿಯಮದ ಪಠ್ಯವನ್ನು ಆಗಾಗ ತಿದ್ದುತ್ತಾರೆ. ಹಾಗಾಗಿ ಕೆಲಸ ಶುರು ಮಾಡುವ ಮೊದಲು ಈಗ ಜಾರಿಯಲ್ಲಿರುವ ಪ್ರತಿಯನ್ನು ಎಪಿಎ ಕಾರ್ಯದರ್ಶಿಯವರಿಂದ ತರಿಸಿಕೊಳ್ಳಿ.

ಐದು ಮಂದಿ, ಐದು ವರ್ಷ. ನಿಮ್ಮ ಆರು ವರ್ಷ ಇದರಲ್ಲಿ ಒಬ್ಬರ ಲೆಕ್ಕ ಮಾತ್ರ. ಇವತ್ತು ಬೇರೆಯವರಿಗೆ ಮೊಟ್ಟೆ ಕೊಟ್ಟರೆ ಅವರ ಐದು ವರ್ಷ ಇವತ್ತಿನಿಂದ ಶುರು. ಇಟ್ಟುಕೊಂಡು ಕಾದಷ್ಟೂ ಗಡಿಯಾರ ನಿಂತೇ ಇರುತ್ತದೆ.

ಶೇ 50 ಅಂದರೆ ಸುಲಭ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಜುಟ್ಟು ನೂರಕ್ಕೆ 75 ಮರಿಗಳಲ್ಲಿ ಸರಿ ಬರುತ್ತದೆ ಅನ್ನೋಣ. ಕಾಲಿನ ಬಣ್ಣವೂ 75, ಗರಿಯ ಅಂಚೂ 75. ಮೂರೂ ಒಂದೇ ಮರಿಯಲ್ಲಿ ಸರಿಯಾಗಿರುವುದು ನೂರಕ್ಕೆ ಸುಮಾರು 42 ಮಾತ್ರ. ಬಿಡಿಬಿಡಿಯಾಗಿ ನೋಡಿದರೆ ಚೆನ್ನಾಗಿರುವ ಗುಂಪು ಒಟ್ಟಾಗಿ ನೋಡಿದಾಗ ಅನುತ್ತೀರ್ಣ. ಹಾಗಾಗಿ ನಿಮ್ಮ ಕೋಳಿಗಳಲ್ಲಿ ಏನು ನಡೆಯುತ್ತಿದೆ ಅಂತ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು. ನೀವು ಕಣ್ಣಿಟ್ಟು ನೋಡಿದ್ದೀರಿ.

ಜುಟ್ಟಿನಿಂದ ಶುರು ಮಾಡೋಣ. ಅಮೆರಾಕಾನಾಕ್ಕೆ ಪೀ ಜುಟ್ಟು, ವಯಾಂಡಾಟ್‌ಗೆ ರೋಸ್ ಜುಟ್ಟು. ಎರಡರ ಜೀನ್ ಬೇರೆ ಬೇರೆ, ಎರಡೂ ಪ್ರಬಲ, ಅಂದರೆ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು, ರೂಪ ಕಾಣುತ್ತದೆ. ಒಂದೇ ಹಕ್ಕಿಯಲ್ಲಿ ಸೇರಿದಾಗ ಮೂರನೆಯದೇ ಒಂದು ರೂಪ ಬರುತ್ತದೆ: ಗಂಟುಗಂಟಾದ ವಾಲ್‌ನಟ್ ಜುಟ್ಟು. ಅಂಥ ಎರಡು ಹಕ್ಕಿ ಕೂಡಿಸಿದರೆ ಸರಾಸರಿ 16 ಮರಿಗಳಲ್ಲಿ 9ಕ್ಕೆ ವಾಲ್‌ನಟ್, 3ಕ್ಕೆ ರೋಸ್, 3ಕ್ಕೆ ಪೀ, ಒಂದಕ್ಕೆ ಸಿಂಗಲ್ ಜುಟ್ಟು, ಅಂದರೆ ಗರಗಸದಂತೆ ನೆಟ್ಟಗೆ ನಿಲ್ಲುವ ಮಾಮೂಲಿ ಜುಟ್ಟು. ಇಂಗ್ಲೆಂಡಿನ ವಿಲಿಯಂ ಬೇಟ್‌ಸನ್ ಮತ್ತು ರೆಜಿನಾಲ್ಡ್ ಪನೆಟ್ 20ನೇ ಶತಮಾನದ ಮೊದಲ ವರ್ಷಗಳಲ್ಲೇ ಇದನ್ನು ಕೋಳಿಗಳಲ್ಲಿ ತೋರಿಸಿಕೊಟ್ಟರು. ನೀವು ಗಂಟುಗಂಟು ಅಂದದ್ದು ವಾಲ್‌ನಟ್. ಅದರೊಳಗೆ ಪೀ ಜೀನ್ ಕೂತಿದೆ.

ಈಗ ಮೊಟ್ಟೆ. ನೀಲಿ ಚಿಪ್ಪಿನ ಜೀನೂ ಪೀ ಜುಟ್ಟಿನ ಜೀನೂ ಒಂದೇ ಕ್ರೋಮೋಸೋಮಿನಲ್ಲಿ ತೀರ ಹತ್ತಿರ ಕೂತಿವೆ. ನಿಮ್ಮ ಮೊದಲ ಹುಂಜದಿಂದ ಎರಡೂ ಒಟ್ಟಿಗೆ ಬಂದವು, ಮರಿಗಳಿಗೂ ಹೆಚ್ಚು ಕಡಿಮೆ ಯಾವಾಗಲೂ ಒಟ್ಟಿಗೇ ಹೋಗುತ್ತವೆ. ನೀವು ಪೀ ಜೀನ್ ಬಿಟ್ಟು ಶುದ್ಧ ರೋಸ್ ಜುಟ್ಟನ್ನು ಆರಿಸಿದಾಗಲೆಲ್ಲ, ಗೊತ್ತಿಲ್ಲದೆ ನೀಲಿ ಮೊಟ್ಟೆಯನ್ನೂ ಬಿಟ್ಟಿದ್ದೀರಿ. ಇದು ನಿಮ್ಮ ದುರದೃಷ್ಟವೂ ಅಲ್ಲ, ಮೇವಿನ ದೋಷವೂ ಅಲ್ಲ. ಈ ಜೋಡಿ ಆಗೊಮ್ಮೆ ಈಗೊಮ್ಮೆ ಬಿಡುತ್ತದೆ, ನೂರರಲ್ಲಿ ನಾಲ್ಕೈದು ಸಲಕ್ಕಿಂತ ಜಾಸ್ತಿ ಇಲ್ಲ. ಬಿಡುತ್ತದೆ ಅನ್ನುವುದಕ್ಕೆ ಕ್ರೀಮ್ ಲೆಗ್‌ಬಾರ್ ಸಾಕ್ಷಿ. ಅದೇ ಪನೆಟ್, ಮೈಕಲ್ ಪೀಸ್ ಜೊತೆ ಕೇಂಬ್ರಿಡ್ಜ್‌ನಲ್ಲಿ ಬೆಳೆಸಿದ ಕೋಳಿ ಅದು. ಸಿಂಗಲ್ ಜುಟ್ಟು, ನೀಲಿ ಮೊಟ್ಟೆ. ಹಾಗಾಗಿ ಶುದ್ಧ ರೋಸ್ ಜುಟ್ಟಿದ್ದೂ ನೀಲಿ ಅಥವಾ ಹಸಿರು ಮೊಟ್ಟೆ ಇಡುವ ಒಂದೇ ಒಂದು ಹೇಂಟೆ ನಿಮ್ಮಲ್ಲಿದ್ದರೆ ಅದನ್ನು ಜೋಪಾನ ಮಾಡಿ. ಅದರ ಮರಿಗಳಿಗೆಲ್ಲ ನಂಬರಿನ ಬಳೆ ಹಾಕಿ. ನಿಮ್ಮ ತಳಿ ಅಂತ ಒಂದು ಆಗುವುದಾದರೆ ಅಲ್ಲಿಂದಲೇ ಆಗುತ್ತದೆ.

ಹುಂಜ ಮೊಟ್ಟೆ ಇಡುವುದಿಲ್ಲವಲ್ಲ. ಅದು ನೀಲಿ ಜೀನ್ ಹೊತ್ತಿದೆಯಾ ಅಂತ ತಿಳಿಯಲು ಹೆಣ್ಣುಮರಿಗಳು ಬೆಳೆದು ಮೊಟ್ಟೆ ಇಡುವ ತನಕ ಕಾಯಬೇಕು. ಡಿಎನ್‌ಎ ಪರೀಕ್ಷೆ ಉಪಯೋಗಕ್ಕೆ ಬರುವುದು ಇಲ್ಲಿ. ನೀಲಿ ಚಿಪ್ಪಿನ ಜೀನ್ ಒಂದಿದೆಯಾ, ಎರಡಿದೆಯಾ ಅಂತ ಪ್ರಯೋಗಾಲಯ ಹೇಳಬಲ್ಲದು. ಒಂದು ಇಡೀ ಋತು ಉಳಿಯುತ್ತದೆ. ಮೊಟ್ಟೆಯ ಹಸಿರು ಬಣ್ಣಕ್ಕೂ ಕಾರಣ ಸರಳ. ನೀಲಿ ಚಿಪ್ಪಿನುದ್ದಕ್ಕೂ ಇರುತ್ತದೆ, ವಯಾಂಡಾಟ್ ಕಡೆಯ ಕಂದು ಬಣ್ಣ ಮೇಲೆ ಬಳಿದಂತೆ ಕೂರುತ್ತದೆ. ಆ ಕಂದು ಹಲವು ಜೀನ್‌ಗಳ ಕೆಲಸ, ತೆಗೆಯಲು ವರ್ಷಗಳು ಬೇಕು. ಒಂದು ಮಾತು ನೆನಪಿರಲಿ: ಪಂಜರದ ಮುಂದೆ ನಿಂತ ತೀರ್ಪುಗಾರರಿಗೆ ಮೊಟ್ಟೆ ಕಾಣುವುದಿಲ್ಲ. ನಿಮ್ಮ ತಳಿಯ ಗುರುತು ಮೊಟ್ಟೆಯೊಂದೇ ಆದರೆ ಪ್ರದರ್ಶನದಲ್ಲಿ ಅದು ನಿಲ್ಲುವುದಿಲ್ಲ.

ಕಾಲಿನ ಬಣ್ಣಕ್ಕೆ ಎರಡು ಪದರದ ಲೆಕ್ಕ. ಮೇಲಿನ ಚರ್ಮ ಬಿಳಿಯೋ ಹಳದಿಯೋ ಇರುತ್ತದೆ. ಒಳಗೆ ಕಪ್ಪು ಬಣ್ಣದ ಪದರ ಇರುತ್ತದೆ, ಇಲ್ಲವೇ ಇರುವುದಿಲ್ಲ. ಬಿಳಿ ಚರ್ಮದ ಕೆಳಗೆ ಕಪ್ಪಿದ್ದರೆ ಬೂದು ಕಾಲು. ಹಳದಿ ಚರ್ಮದ ಕೆಳಗೆ ಕಪ್ಪಿದ್ದರೆ ಹಸಿರು. ಕಪ್ಪಿಲ್ಲದ ಹಳದಿ, ಹಳದಿಯೇ. ನಿಮ್ಮಲ್ಲಿ ಮೂರೂ ಇರುವುದರಿಂದ ಎರಡು ತಳಿಗಳ ಜೀನೂ ಇನ್ನೂ ಬಿಡುಬೀಸಾಗಿ ಓಡಾಡುತ್ತಿವೆ. ಯಾವ ಬಣ್ಣ ಬೇಕು ಅಂತ ಈಗಲೇ ತೀರ್ಮಾನಿಸಿ. ನನ್ನ ಸಲಹೆ ಹಳದಿ. ಹಳದಿ ಚರ್ಮ ದುರ್ಬಲ ಜೀನಿನಿಂದ ಬರುವುದು, ಎರಡು ಹಳದಿ ಕಾಲಿನ ಹಕ್ಕಿಗಳು ಬಿಳಿ ಚರ್ಮದ ಮರಿ ಕೊಡುವುದಿಲ್ಲ. ಆಯ್ಕೆ ಬೇಗ ಗಟ್ಟಿಯಾಗುತ್ತದೆ.

ಹುಂಜದ ಭುಜದ ಕೆಂಪಿಗೆ ಸಾಮಾನ್ಯ ಕಾರಣ ಅಡಗಿರುವ ಬಂಗಾರದ ಜೀನ್. ಬೆಳ್ಳಿ ಮತ್ತು ಬಂಗಾರ ಬಣ್ಣದ ಜೀನ್ ಲಿಂಗ ಕ್ರೋಮೋಸೋಮಿನಲ್ಲಿದೆ. ಕೋಳಿಗಳಲ್ಲಿ ಹುಂಜಕ್ಕೆ ಅದು ಎರಡು, ಹೇಂಟೆಗೆ ಒಂದು. ಹೇಂಟೆ ಬೆಳ್ಳಿಯಾದರೆ ಬೆಳ್ಳಿಯೇ, ಬಚ್ಚಿಡಲು ಜಾಗ ಇಲ್ಲ. ಹುಂಜ ಒಂದು ಬೆಳ್ಳಿ, ಒಂದು ಬಂಗಾರ ಹೊತ್ತು ಬೆಳ್ಳಿಯಂತೆ ಕಾಣಬಹುದು. ಭುಜದಲ್ಲಿ ಮಾತ್ರ ಗುಟ್ಟು ಬಿಡುತ್ತದೆ. ಅಂಥ ಹುಂಜದ ಹೆಣ್ಣುಮರಿಗಳಲ್ಲಿ ಅರ್ಧದಷ್ಟು ಬಂಗಾರದ ಬಣ್ಣಕ್ಕೆ ಬರುತ್ತವೆ. ನೀಲಿ ಅಮೆರಾಕಾನಾ ಹುಂಜದ ನೀಲಿಯ ಕೆಳಗೆ ಬಂಗಾರ ಇದ್ದಿರಬೇಕು. ಹೆಣ್ಣುಮರಿಗಳೆಲ್ಲ ಬೆಳ್ಳಿಯಾಗಿ ಬರುವ ಹುಂಜವನ್ನು ಮಾತ್ರ ಮುಂದಕ್ಕೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಶುದ್ಧ ಮಾಡಹೊರಟವರು ಒಂದು ಕಡೆ ಎಡವುತ್ತಾರೆ. ರೋಸ್ ಜುಟ್ಟಿನ ಜೀನ್ ಎರಡೂ ಕಡೆಯಿಂದ ಬಂದ ಹುಂಜಗಳಲ್ಲಿ ಬೀಜಶಕ್ತಿ ಕಡಿಮೆ. ವಯಾಂಡಾಟ್‌ಗಳಲ್ಲಿ ಇಂದಿಗೂ ಸಿಂಗಲ್ ಜುಟ್ಟಿನ ಮರಿ ಹುಟ್ಟುತ್ತಿರುವುದು ಇದರಿಂದಲೇ. ಸಿಂಗಲ್ ಜೀನ್ ಅಡಗಿಸಿಕೊಂಡ ಹುಂಜ ಜಾಸ್ತಿ ಮರಿ ಕೊಡುತ್ತದೆ, ಹಾಗಾಗಿ ಸಾಕುವವರಿಗೆ ತಿಳಿಯದೆ ಅದೇ ಉಳಿದುಕೊಂಡು ಬಂದಿದೆ. ಯಾವ ಹುಂಜ ಅದನ್ನು ಹೊತ್ತಿದೆ ಅಂತ ತಿಳಿಯಲು ಸಿಂಗಲ್ ಜುಟ್ಟಿನ ಹೇಂಟೆ ಜೊತೆ ಕೂಡಿಸಿ ನೋಡಿ. ಒಂದು ಸಿಂಗಲ್ ಮರಿ ಬಂದರೂ ಹೊತ್ತಿದೆ ಅಂತ ಖಚಿತ. ಹೊತ್ತಿರುವ ಹುಂಜ ಸತತ ಏಳು ರೋಸ್ ಮರಿ ಕೊಡುವ ಸಾಧ್ಯತೆ 128ರಲ್ಲಿ ಒಂದು. ಗೊತ್ತಾದ ಮೇಲೆ ಅವನ್ನೆಲ್ಲ ತೆಗೆದುಹಾಕಬೇಡಿ. ಕೆಲವನ್ನು ಬೇಕಂತಲೇ ಇಟ್ಟುಕೊಳ್ಳಿ. ನಿಯಮ ಕೇಳುವುದು ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸರಿ ಬರಲಿ ಅಂತ ಮಾತ್ರ. ಬಂಜೆ ಹುಂಜಗಳ ಗುಂಪು ಯಾರಿಗೂ ಬೇಡ.

ರಕ್ತಸಂಬಂಧದ ಲೆಕ್ಕವೂ ಅಷ್ಟೇ ಮುಖ್ಯ. ನಲವತ್ತು ಕೋಳಿ ಇದೆ ಅಂದಿರಿ. ಅವುಗಳಲ್ಲಿ ಪ್ರತಿ ವರ್ಷ ಮರಿ ಮಾಡಲು ಬಿಡುವುದು ಎಷ್ಟು ಹುಂಜ? ಒಂದು ಹುಂಜ, ಹತ್ತು ಹೇಂಟೆ ಆದರೆ ಅದು ತಳಿ ಲೆಕ್ಕದಲ್ಲಿ ನಾಲ್ಕು ಹಕ್ಕಿಗೂ ಸಮ ಇಲ್ಲ. ಪ್ರತಿ ತಲೆಮಾರಿಗೆ ಒಳಸಂಬಂಧ ಶೇ 14ರ ಹತ್ತಿರ ಏರುತ್ತದೆ. ಐದು ಹುಂಜ, 25 ಹೇಂಟೆ ಆದರೆ ಆ ಏರಿಕೆ ಶೇ 3ಕ್ಕೆ ಇಳಿಯುತ್ತದೆ. ಒಳಸಂಬಂಧ ಜಾಸ್ತಿಯಾದಾಗ ಮೊದಲು ಕಾಣುವುದು ಒಡೆಯದ ಮೊಟ್ಟೆ, ಚಿಪ್ಪಿನೊಳಗೇ ಸತ್ತ ಮರಿ, ಬಲವಿಲ್ಲದ ಮರಿ. ಬಣ್ಣ ಅಷ್ಟರಲ್ಲಿ ಬಹಳ ಚೆನ್ನಾಗಿ ಬಂದಿರುತ್ತದೆ, ಅದಕ್ಕೇ ಸಾಕುವವರು ಮೋಸ ಹೋಗುತ್ತಾರೆ. ಐದು ಮನೆಗಳಲ್ಲಿ ಐದು ಗುಂಪು ಬೆಳೆದು, ಎರಡು ಮೂರು ವರ್ಷಕ್ಕೊಮ್ಮೆ ಹುಂಜ ಬದಲಿಸಿಕೊಂಡರೆ ಈ ತೊಂದರೆ ಬಹಳಷ್ಟು ಕಡಿಮೆ. ಐದು ಮಂದಿ ಬೇಕು ಅನ್ನುವ ನಿಯಮ ಕಾಗದದ ಮೇಲಿನ ಅಡಚಣೆಯಂತೆ ಕಂಡರೂ ನಿಮ್ಮ ಕೋಳಿಯನ್ನು ಬದುಕಿಸುವುದು ಅದೇ.

ಕದಿಯುತ್ತಾರೆ ಅನ್ನುವ ಭಯ ಹುಸಿ ಅಂತ ನಾನು ಹೇಳುವುದಿಲ್ಲ. ಅಮೆರಾಕಾನಾದ ಕತೆಯೇ ನೋಡಿ. ಆ ಹೆಸರಿಗೆ ಹತ್ತಿರದ ಹೆಸರಿಟ್ಟು, ಬಣ್ಣದ ಮೊಟ್ಟೆ ಇಡುವ ಬೆರಕೆ ಕೋಳಿಗಳನ್ನು ಮರಿ ಕೇಂದ್ರಗಳು ಇಂದಿಗೂ ಮಾರುತ್ತವೆ. ಮನ್ನಣೆ ಸಿಕ್ಕ ಮೇಲೂ ಇದು ನಿಲ್ಲಲಿಲ್ಲ. ಮನ್ನಣೆ ಯಾರಿಗೂ ಒಡೆತನ ಕೊಡುವುದಿಲ್ಲ. ಆದರೆ 1984ರಲ್ಲಿ ಎಪಿಎ ಆ ತಳಿಯನ್ನು ಎಂಟು ಬಣ್ಣಗಳಲ್ಲಿ ಒಪ್ಪಿಕೊಂಡದ್ದು ಯಾರೋ ಒಬ್ಬರು ಬಚ್ಚಿಟ್ಟುಕೊಂಡದ್ದರಿಂದ ಅಲ್ಲ. ಹಲವರು ಸೇರಿ, ಕ್ಲಬ್ ಕಟ್ಟಿ, ಒಂದೇ ವಿವರಣೆಗೆ ಒಪ್ಪಿ ಬೆಳೆಸಿದ್ದರಿಂದ. ನಿಮಗೆ ಸಿಗಬೇಕಾದ ಗೌರವ ತಳಿಯ ಇತಿಹಾಸದ ಪುಟದಲ್ಲಿ ಸಿಗುತ್ತದೆ, ಆ ಪುಟ ಅರ್ಜಿಯ ಭಾಗವೇ. ಹುಟ್ಟಿದ ದಿನ, ಯಾವ ಹುಂಜ, ಯಾವ ಹೇಂಟೆ, ಯಾರಿಗೆ ಎಷ್ಟು ಮೊಟ್ಟೆ ಕೊಟ್ಟಿರಿ ಎಲ್ಲ ಬರೆದಿಡಿ. ಕೊಡುವಾಗ ಎರಡು ಮಾತು ಕೇಳಿಕೊಳ್ಳಿ: ಬೇರೆ ತಳಿ ಬೆರೆಸಿದರೆ ಈ ಹೆಸರಿನಲ್ಲಿ ಮಾರಬಾರದು, ನಿಮಗೆ ಬೇಕಾದಾಗ ಹುಂಜ ವಾಪಸ್ ಕೊಡಬೇಕು. ಎಲ್ಲರೂ ಪಾಲಿಸುವುದಿಲ್ಲ. ಪಾಲಿಸುವ ನಾಲ್ಕು ಮಂದಿ ಸಾಕು.

ಈಗ ನಿಮ್ಮ ಮುಂದಿರುವ ದಾರಿಗಳು.

ಹೊಸ ತಳಿಯಾಗಿಯೇ ಒಯ್ಯುವುದು ನಿಮ್ಮ ಕನಸಿನ ದಾರಿ. ಜುಟ್ಟು ಮತ್ತು ಮೊಟ್ಟೆಯ ಆ ಗಂಟು ಬಿಡಿಸಿ, ಕಾಲು ಒಂದೇ ಮಾಡಿ, ಐದು ಮನೆಗಳಲ್ಲಿ ಐದು ವರ್ಷ ಕಳೆದು, ಎರಡು ವರ್ಷ ಷೋ ಮಾಡಿ, ಐವತ್ತು ಹಕ್ಕಿ ನಿಲ್ಲಿಸುವಷ್ಟರಲ್ಲಿ ಹತ್ತು ವರ್ಷ ಆಗಬಹುದು ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಇದರ ದೊಡ್ಡ ಅಪಾಯ ಆಕಾರ. ತಳಿಯನ್ನು ತಳಿ ಮಾಡುವುದು ಮೈಕಟ್ಟು. ಬಣ್ಣ ಅದರೊಳಗಿನ ಬಗೆ ಮಾತ್ರ. ವಯಾಂಡಾಟ್ ಮೈಯೆಲ್ಲ ದುಂಡು, ಅಗಲ, ಹುಂಜ ಎಂಟೂವರೆ ಪೌಂಡು. ಅಮೆರಾಕಾನಾ ಹಗುರ, ಹುಂಜ ಆರೂವರೆ ಪೌಂಡು. ನಿಮ್ಮದು ಇವೆರಡರ ನಡುವೆ ಎಲ್ಲೋ ಇದ್ದರೆ ‘ಗಡ್ಡ ಇರುವ ಕೆಟ್ಟ ವಯಾಂಡಾಟ್’ ಅಂತ ತೀರ್ಪುಗಾರರಿಗೆ ಅನ್ನಿಸುತ್ತದೆ. ದೂರದಿಂದ ನೆರಳು ನೋಡಿದರೂ ಬೇರೆ ತಳಿ ಅಂತ ತಿಳಿಯಬೇಕು. ನೀವು ಬಣ್ಣದ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ಮೈಕಟ್ಟಿನ ಬಗ್ಗೆ ಒಂದು ಸಾಲೂ ಇಲ್ಲ. ಅದನ್ನು ಯೋಚಿಸಿ.

ಇನ್ನೊಂದು ದಾರಿ, ಈಗಿರುವ ತಳಿಗೆ ಹೊಸ ಬಣ್ಣವಾಗಿ ಸೇರಿಸುವುದು. ರೋಸ್ ಜುಟ್ಟಿನ ಆಸೆ ಬಿಟ್ಟು, ಪೀ ಜುಟ್ಟು ಇಟ್ಟುಕೊಂಡು, ಅಮೆರಾಕಾನಾ ಮೈಗೆ ಬೆಳ್ಳಿಯ ಅಂಚುಗರಿ ತರುವುದು. ಪೀ ಜುಟ್ಟಿನ ಜೊತೆ ನೀಲಿ ಮೊಟ್ಟೆ ತಾನಾಗಿ ಬರುತ್ತದೆ, ನಿಮ್ಮ ವಿರುದ್ಧ ಕೆಲಸ ಮಾಡುತ್ತಿದ್ದ ಜೋಡಿ ನಿಮ್ಮ ಪರ ತಿರುಗುತ್ತದೆ. ಕಾಲು ಬೂದು ಬಣ್ಣಕ್ಕೆ ಹೋಗಬೇಕು, ಅದನ್ನು ಆ ತಳಿಯ ಸ್ಟ್ಯಾಂಡರ್ಡೇ ಕೇಳುತ್ತದೆ. ಸಾಕುವ ಜನ ಆಗಲೇ ಇದ್ದಾರೆ. ಕಷ್ಟ ಎಲ್ಲಿ ಅಂದರೆ, ಒಳ್ಳೆಯ ಅಮೆರಾಕಾನಾ ಜೊತೆ ಮತ್ತೆ ಮತ್ತೆ ಕೂಡಿಸಿದಾಗ ಅಂಚಿನ ಗೆರೆ ಒಡೆಯುತ್ತದೆ. ಗರಿಯಂಚು ಒಂದೇ ಜೀನಿನ ಕೆಲಸ ಅಲ್ಲ, ಹಲವು ಒಟ್ಟಿಗೆ ಸೇರಬೇಕು. ನನ್ನನ್ನು ಕೇಳಿದರೆ ಮೊದಲ ಪ್ರಯತ್ನಕ್ಕೆ ಇದೇ ಮೇಲು. ಆದರೆ ರೋಸ್ ಜುಟ್ಟು ನಿಮ್ಮ ಜೀವ ಆಗಿದ್ದರೆ ಈ ದಾರಿ ಹಿಡಿಯಬೇಡಿ. ಮನಸ್ಸಿಲ್ಲದ ಕೆಲಸ ಮೂರನೇ ವರ್ಷಕ್ಕೆ ನಿಲ್ಲುತ್ತದೆ.

ಬ್ಯಾಂಟಮ್ ಮಾಡುವ ದಾರಿಯೂ ಇದೆ. ಜಾಗ, ಮೇವು ಕಡಿಮೆ, ಐವತ್ತು ಹಕ್ಕಿ ಸಾಗಿಸುವುದು ಸುಲಭ. ಗಾತ್ರ ಇಳಿಸುವುದೇ ಬೇರೆ ಕೆಲಸವಾದ್ದರಿಂದ ಈಗಲೇ ಬೇಡ.

ಮನ್ನಣೆ ಇಲ್ಲದೆಯೂ ಇರಬಹುದು, ಅದರಲ್ಲಿ ಅವಮಾನ ಇಲ್ಲ. ಮನ್ನಣೆ ಸಿಕ್ಕರೆ ತಳಿ ಉಳಿಯುತ್ತದೆ ಅನ್ನುವುದೂ ಒಂದು ನಂಬಿಕೆ ಅಷ್ಟೇ. ಅಮೆರಿಕದ ಕೃಷಿ ಇಲಾಖೆಯ ಫಾರ್ಮಿನಲ್ಲಿ ಬೆಳೆಸಿದ ಲಮೋನಾ 1933ರಲ್ಲಿ ಸ್ಟ್ಯಾಂಡರ್ಡ್ ಸೇರಿತು. ಪುಟ ಉಳಿಯಿತು, ಕೋಳಿ ಬಹುತೇಕ ಮಾಯವಾಯಿತು.

ಸ್ಟ್ಯಾಂಡರ್ಡ್ ಬರೆಯುವಾಗ ಒಂದು ಎಚ್ಚರಿಕೆ ಕೊಡಲೇಬೇಕು. ಹುಂಜಕ್ಕೆ ಒಂದು ಛಾಯೆ, ಹೇಂಟೆಗೆ ಅದಕ್ಕೆ ಹೊಂದದ ಇನ್ನೊಂದು ಛಾಯೆ ಕೇಳಿದರೆ, ಒಂದೇ ಜೋಡಿಯಿಂದ ಎರಡೂ ಬರುವುದಿಲ್ಲ. ಷೋಗೆ ಹುಂಜ ಬೆಳೆಸಲು ಒಂದು ಗುಂಪು, ಹೇಂಟೆ ಬೆಳೆಸಲು ಇನ್ನೊಂದು ಗುಂಪು ಸಾಕಬೇಕಾಗುತ್ತದೆ. ಬಾರ್ಡ್ ಪ್ಲಿಮತ್ ರಾಕ್ ಸಾಕುವವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಹೊಸಬರು ಎರಡು ಗುಂಪಿನ ಖರ್ಚು ನೋಡಿ ಓಡಿಹೋಗುತ್ತಾರೆ. ನಿಮ್ಮ ಅತ್ಯುತ್ತಮ ಜೋಡಿಯಿಂದ ನಿಜವಾಗಿ ಬಂದಿರುವ ಅಣ್ಣ ತಂಗಿಯರನ್ನು ಪಕ್ಕಪಕ್ಕ ನಿಲ್ಲಿಸಿಕೊಂಡು ಬರೆಯಿರಿ. ಕಲ್ಪನೆಯ ಹಕ್ಕಿಯನ್ನು ಬರೆಯಬೇಡಿ. ಅಲ್ಲಿ ಬರೆದ ಪ್ರತಿ ಪದವನ್ನೂ ಮುಂದೆ ನೂರಾರು ಜನ ಹಕ್ಕಿಯ ಮೈಯಲ್ಲಿ ಹುಡುಕುತ್ತಾರೆ.

ಇನ್ನು ಎರಡು ವಾಸ್ತವ. ಹುಟ್ಟುವ ಮರಿಗಳಲ್ಲಿ ಅರ್ಧ ಗಂಡು. ನೂರು ಮರಿ ಮಾಡಿದರೆ ಐವತ್ತು ಹುಂಜ, ಅದರಲ್ಲಿ ಉಳಿಸಿಕೊಳ್ಳುವುದು ಮೂರೋ ನಾಲ್ಕೋ. ಉಳಿದವು ಎಲ್ಲಿಗೆ ಹೋಗುತ್ತವೆ ಅಂತ ಮನೆಯವರ ಜೊತೆ ಕೂತು ಮೊದಲೇ ತೀರ್ಮಾನಿಸಿ. ಇದನ್ನು ಮುಂದೂಡಿದವರ ಗೂಡುಗಳು ತುಂಬಿ, ಆಯ್ಕೆಯೇ ನಿಂತುಹೋದದ್ದನ್ನು ನೋಡಿದ್ದೇನೆ. ಇನ್ನೊಂದು ವಾಸ್ತವ ರೋಗದ್ದು. 1935ರಲ್ಲಿ ಶುರುವಾದ ನ್ಯಾಷನಲ್ ಪೌಲ್ಟ್ರಿ ಇಂಪ್ರೂವ್‌ಮೆಂಟ್ ಪ್ಲಾನ್ ಅನ್ನುವ ಕೋಳಿರೋಗ ತಡೆ ಯೋಜನೆಯಡಿಯ ಪ್ರಮಾಣಪತ್ರ ಅಥವಾ ಮರಿಗಳನ್ನು ಕೊಲ್ಲುವ ಪುಲ್ಲೋರಮ್ ರೋಗದ ಪರೀಕ್ಷೆ ಇಲ್ಲದೆ ಷೋ ಬಾಗಿಲು ದಾಟಲು ಸಾಮಾನ್ಯವಾಗಿ ಬಿಡುವುದಿಲ್ಲ. ರಾಜ್ಯದ ಗಡಿ ದಾಟಿ ಮೊಟ್ಟೆ ಕಳಿಸುವಾಗಲೂ ಅದು ಬೇಕು. ಹಕ್ಕಿಜ್ವರ ಬಂದಾಗ, 2015ರಲ್ಲಿ ಮತ್ತು 2022ರಲ್ಲಿ ಆದಂತೆ, ಷೋಗಳೇ ರದ್ದಾಗುತ್ತವೆ. ಎಲ್ಲ ಐವತ್ತು ಹಕ್ಕಿಗಳನ್ನೂ ಒಂದೇ ಹಿತ್ತಲಲ್ಲಿ ಇಟ್ಟುಕೊಂಡವರಿಗೆ ಜ್ವರ ಬಂದರೆ ತಳಿಯೇ ಮುಗಿಯಿತು.

ಈ ಋತುವಿನಲ್ಲಿ ಇಷ್ಟು ಮಾಡಿ. ಎಲ್ಲ ಹಕ್ಕಿಗಳಿಗೂ ನಂಬರಿನ ಬಳೆ ಹಾಕಿ, ಪ್ರತಿಯೊಂದರ ಜುಟ್ಟು, ಕಾಲು, ಮೊಟ್ಟೆ, ತೂಕ ಬರೆಯಿರಿ. ಶುದ್ಧ ರೋಸ್ ಜುಟ್ಟಿನ ಹೇಂಟೆಗಳನ್ನು ಬೇರೆ ಗೂಡಿಗೆ ಹಾಕಿ ಮೊಟ್ಟೆಯ ಬಣ್ಣ ನೋಡಿ. ಒಂದಾದರೂ ನೀಲಿ ಅಥವಾ ಹಸಿರು ಸಿಕ್ಕರೆ ಹೊಸ ತಳಿಯ ದಾರಿ, ಸಿಗದಿದ್ದರೆ ಅಮೆರಾಕಾನಾ ಕ್ಲಬ್ಬಿನವರ ಜೊತೆ ಮಾತು. ನವೆಂಬರಿನಲ್ಲಿ ಕೊಲಂಬಸ್‌ನಲ್ಲಿ ನಡೆಯುವ ಒಹಾಯೊ ನ್ಯಾಷನಲ್ ಷೋಗೆ ಹೋಗಿ, ಹಕ್ಕಿ ಒಯ್ಯದಿದ್ದರೂ ಪರವಾಗಿಲ್ಲ. ವಯಾಂಡಾಟ್ ಸಾಲಿನಲ್ಲಿ ಅರ್ಧ ದಿನ, ಅಮೆರಾಕಾನಾ ಸಾಲಿನಲ್ಲಿ ಅರ್ಧ ದಿನ ನಿಂತು ಮೈಕಟ್ಟು ನೋಡಿ. ಅಲ್ಲಿ ಗೂಡುಗಳ ಮುಂದೆ ನಿಮ್ಮಷ್ಟೇ ಹೊತ್ತು ನಿಂತು ನೋಡುವ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ವಸಂತ ಬಂದಾಗ ಮೊದಲ ಹನ್ನೆರಡು ಮೊಟ್ಟೆ ಅವರಿಗೆ ಕೊಡಿ, ಕೊಟ್ಟ ದಿನಾಂಕ ಬರೆದಿಡಿ.